ಕಂಪ್ಯೂಟರಿನೊಳಗಿನ ಸೊಳ್ಳೆ

ಆಗ ನನಗೆ ಐವತ್ತಾರು ವರ್ಷ. ಈಗ್ಗೆ ಹದಿನೇಳು ವರ್ಷದ ಹಿಂದಿನ ಮಾತು.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಆಗಿನ್ನೂ ಹನ್ನೊಂದು ಕಡಚಲು ಯಂತ್ರ ತಿರುಗುತ್ತಿದ್ದವು. ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಅದು ತಿರುಗುವಾಗ ಉಳಿ ಹಿಡಿದು ಗುಂಡಗೆ ಮಾಡಿ, ಹಾಗೇ ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತುವುದು ಕಡಚಲು ಕೆಲಸ. ಬೆಳಿಗ್ಗೆ ಕರೆಂಟು ಬಂತೆಂದರೆ ಬೀದಿಯೆಲ್ಲ ಗುಂಯ್ ಅನ್ನುತ್ತಿತ್ತು. ಕಾದ ಅರಗಿನ ವಾಸನೆ, ಹೊಳಪು ಬರಲೆಂದು ಉಜ್ಜುವ ತಾಳೆಗರಿಯ ವಾಸನೆ. ಒಲೆಗೆಂದು ಮರದ ಹೊಟ್ಟನ್ನು ಮೂಟೆಯಲ್ಲಿ ಹೊತ್ತು ಹೋಗುವವರು ದಾರಿಯುದ್ದಕ್ಕೂ ಬಿಳಿ ಗೆರೆ ಬಿಟ್ಟುಕೊಂಡು ಹೋಗುತ್ತಿದ್ದರು. ಈಗ ಅಲ್ಲಿ ಎರಡು ಯಂತ್ರ ಉಳಿದಿವೆ. ಮಿಕ್ಕ ಕಡೆ ಮೊಬೈಲ್ ಅಂಗಡಿ, ಬೇಕರಿ ಬಂದಿವೆ. ಬರಲಿ, ಅವರೂ ಬದುಕಬೇಕು. ಆದರೂ ಆ ವಾಸನೆ ಒಂದು ಗಳಿಗೆ ಸಿಗುವುದಾದರೆ ಬೇಡ ಅನ್ನುವವಳಲ್ಲ ನಾನು.

ಇಪ್ಪತ್ತು ವರ್ಷ ನಾನೂ ಯಂತ್ರದ ಮುಂದೆ ಕೂತು ಅರಗು ಒತ್ತಿದವಳು. ಆಮೇಲೆ ಕಾರ್ಖಾನೆಯ ಸಾಹೇಬರು ನನ್ನನ್ನು ಎಬ್ಬಿಸಿ ಮಾಲು ನೋಡಲು ಕೂರಿಸಿದರು. ನೋಡುವುದು ಅಂದರೆ ಕಣ್ಣಲ್ಲಿ ಅಲ್ಲ. ಅರಗು ಮುಚ್ಚಿದ ಮೇಲೆ ಮರದ ಕೂದಲೆಳೆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕಾಣುತ್ತದೆ. ಒಂದೊಂದು ಕೈಯಲ್ಲಿ ಒಂದೊಂದು ತುಂಡು ಹಿಡಿದು ಕಿವಿಯ ಹತ್ತಿರ ತಾಗಿಸಬೇಕು. ಗಟ್ಟಿ ಮರ ಟಿಣ್ ಅನ್ನುತ್ತದೆ. ಅದು ಮಾತಾಡುವ ಮಾಲು. ಒಳಗೆ ಬಿರುಕಿದ್ದರೆ ಟಪ್ ಅಂದು ಸುಮ್ಮನಾಗುತ್ತದೆ. ಅದಕ್ಕೆ ನಾವು ಮೂಗ ಅನ್ನುತ್ತಿದ್ದೆವು. ಮೂಗನನ್ನು ಪಕ್ಕದ ಬುಟ್ಟಿಗೆ ಎಸೆದರೆ ನನ್ನ ಕೆಲಸ ಮುಗಿಯಿತು. ನಾನು ಎಸೆದದ್ದನ್ನು ಯಾರೂ ಎತ್ತಿ ನೋಡುತ್ತಿರಲಿಲ್ಲ, ನಾನು ಇಟ್ಟುಕೊಂಡದ್ದನ್ನೂ ಅಷ್ಟೇ. ಊರಿನ ಬೇರೆ ಕಾರ್ಖಾನೆಯವರೂ ಒಮ್ಮೊಮ್ಮೆ ಬಂದು, "ಅಕ್ಕಾ, ಒಸಿ ಕೇಳ್ಬುಟ್ಟು ಹೇಳಿ" ಅಂತ ಬುಟ್ಟಿ ಇಟ್ಟು ಹೋಗುತ್ತಿದ್ದರು. ಹೆಮ್ಮೆ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆ ವರ್ಷ ನಮ್ಮಲ್ಲಿ ಮರದ ಮೊಟ್ಟೆ ಮಾಡುತ್ತಿದ್ದರು. ಹೊರದೇಶದ ಮಕ್ಕಳು ಅಡುಗೆ ಆಟ ಆಡಲು ಬಣ್ಣಬಣ್ಣದ ಮೊಟ್ಟೆ. ನನ್ನ ಗಂಡ ದಿನಾ ಅದನ್ನೇ ಆಡಿಕೊಳ್ಳುತ್ತಿದ್ದ. "ಇವತ್ತು ಎಷ್ಟು ಮೊಟ್ಟೆಗೆ ಕಾವು ಕೂತಿದ್ದೆ?" ಅಂತ. ಅವನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸೊಂಟ ಕೆಡಿಸಿಕೊಂಡು ಮನೆಯಲ್ಲಿ ಕೂತಿದ್ದ. ಕೂತವನಿಗೆ ಬಾಯಿ ಒಂದೇ ಕೆಲಸ. ಕರೆದರೆ ತಿರುಗಿ ನೋಡುತ್ತಿರಲಿಲ್ಲ ಅಂತ ನಾನು ಅವನನ್ನು ಕಿವುಡ ಅಂತಲೇ ಕರೆಯುತ್ತಿದ್ದೆ.

ಒಂದು ಶನಿವಾರ ಬೆಂಗಳೂರಿನಿಂದ ಒಂದು ಪೆಟ್ಟಿಗೆ ವಾಪಸು ಬಂತು. ಮೊಟ್ಟೆಗಳು ಬಾಯಿ ಬಿಟ್ಟಿದ್ದವು. ಪೆಟ್ಟಿಗೆಯ ಮೇಲಿನ ಸೀಮೆಸುಣ್ಣದ ಗುರುತು ನೋಡಿದರೆ ಅಷ್ಟೂ ಕಬ್ಬಾಳಿನ ಹುಡುಗಿಯ ಯಂತ್ರದವು. ಅವಳು ಕನಕಪುರದ ಆಚೆ ಕಬ್ಬಾಳಿನಿಂದ ಮದುವೆಯಾಗಿ ನಮ್ಮೂರಿಗೆ ಬಂದವಳು. ಇಪ್ಪತ್ತಮೂರು ವರ್ಷ ಇರಬೇಕು. ನಮ್ಮಲ್ಲಿ ಉಳಿ ಹಿಡಿಯಲು ಕೂತ ಹೆಂಗಸು ಅವಳೊಬ್ಬಳೇ. ಗಂಡಸರು ಅರಗು ಒತ್ತಲು ಹೆಂಗಸರನ್ನು ಬಿಡುತ್ತಿದ್ದರು, ಉಳಿ ಕೊಡುತ್ತಿರಲಿಲ್ಲ. ಅವಳು ಹಟ ಮಾಡಿ, ಆರು ತಿಂಗಳು ಸಂಜೆಯೆಲ್ಲ ಉಳಿದು ಕಲಿತು, ಆ ಜಾಗ ಗಿಟ್ಟಿಸಿಕೊಂಡಿದ್ದಳು.

ಸಾಹೇಬರು ಒಡೆದ ಮೊಟ್ಟೆಯನ್ನು ನನ್ನ ಮುಂದೆ ಇಟ್ಟರು.

"ಅಕ್ಕಾ, ಇದು ನಿಮ್ಮ ಕೈ ದಾಟಿ ಹೋಗಿದ್ದು. ಆವಾಗ ಮಾತಾಡ್ತಿತ್ತಾ?"

"ಮಾತಾಡ್ದೆ ನಾನು ಬುಡ್ತೀನಾ?" ಅಂದೆ.

"ಮತ್ತೆ ಹೆಂಗೆ ಒಡೀತು?"

"ಉಳೀನ ಒತ್ತಿ ಹಿಡೀತಾಳೆ. ಮರ ಕಾದು ಆಮ್ಯಾಕೆ ಬಾಯಿ ಬುಡ್ತೈತೆ."

ಇದನ್ನು ನಾನೇ ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು, ಹೇಳಿದೆ. ಹುಡುಗಿ ಯಂತ್ರ ನಿಲ್ಲಿಸಿ ನೋಡುತ್ತಿದ್ದಳು.

"ನಾನು ಒತ್ತಿ ಹಿಡಿಯಾಕಿಲ್ಲ ಸಾಯೇಬ್ರೆ," ಅಂದಳು. "ನಂಗೆ ಕೊಡೋ ಮರ ಹಸೀದು. ಒಣಗಿದ್ದೆಲ್ಲ ಅವ್ರಿಗೆ ಹೋಯ್ತದೆ, ಹಸೀದು ನಂಗೆ ಬತ್ತದೆ."

ಅತ್ತಲಿಂದ ಒಬ್ಬ ಗಂಡಸು ಕೂಗಿದ: "ಕುಣಿಯಾಕೆ ಬರ್ದೆ ಇದ್ದೋಳು..." ಅಂತ. ಮಿಕ್ಕವರು ನಕ್ಕರು. ಹುಡುಗಿ ಅವನ ಕಡೆ ತಿರುಗಿ, "ನೀನು ಕುಣಿದಿದ್ದು ನೋಡೀವ್ನಿ ಬುಡಣ್ಣ" ಅಂದಳು. ಆದರೆ ಕಣ್ಣು ನನ್ನ ಮೇಲೇ ಇತ್ತು.

ಸಾಹೇಬರು ಅದೇ ಗುರುತಿನ, ಇನ್ನೂ ಒಡೆಯದ ಇಪ್ಪತ್ತನಾಲ್ಕು ಮೊಟ್ಟೆ ಗೋದಾಮಿನಿಂದ ತೆಗೆಸಿ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. "ಅರೆ, ಜಗಳ ಬೇಡ. ಮನೇಲಿ ಸಮಾಧಾನವಾಗಿ ಕೇಳಿ ಅಕ್ಕಾ. ಇವೂ ಮಾತಾಡ್ತವೆ ಅಂದ್ರೆ ಆಮೇಲೆ ಒಡೀತವೆ ಅಂತ ಅರ್ಥ, ತಪ್ಪು ಉಳೀದು. ಹಂಗಾದ್ರೆ ಸೋಮವಾರ ಇವಳನ್ನ ಪ್ಯಾಕಿಂಗ್‌ಗೆ ಹಾಕ್ತೀನಿ. ನೀವು ಹೇಳಿದ್ದೇ ಸರಿ." ಹುಡುಗಿಯ ಯಂತ್ರ ಉಳಿಯುವುದೂ ಬಿಡುವುದೂ ನನ್ನ ಒಂದು ಮಾತಿನ ಮೇಲೆ ನಿಂತಿತು.

ಮನೆಗೆ ಬಂದು ಇಪ್ಪತ್ತನಾಲ್ಕನ್ನೂ ತಾಗಿಸಿ ಕೇಳಿದೆ. ಎಲ್ಲವೂ ಮಾತಾಡಿದವು. ಎಲ್ಲವೂ ಒಂದೇ ತರ. ಸರಿ, ನಾನು ಹೇಳಿದ್ದೇ ನಿಜ ಅಂದುಕೊಂಡು ಮುದ್ದೆಗೆ ಎಸರಿಟ್ಟೆ.

ನಮ್ಮ ಮಹಡಿಯಲ್ಲಿ ಆಗ ಬಾಡಿಗೆಗೆ ಇದ್ದವನು ಹುಬ್ಬಳ್ಳಿ ಕಡೆಯವನು. ಬಿಡದಿ ಸುತ್ತ ಹೊಸ ಹೊಸ ಫ್ಯಾಕ್ಟರಿ ಏಳುತ್ತಿದ್ದ ಕಾಲ, ಅಂಥ ಒಂದರಲ್ಲಿ ಕರೆಂಟಿನ ವಿಭಾಗದಲ್ಲಿ ದೊಡ್ಡ ಕೆಲಸ. ನಲವತ್ತರ ಹತ್ತಿರ ವಯಸ್ಸು. ಗಂಡ ಹೆಂಡತಿ ಇಬ್ಬರೇ. ಅವನಿಗೆ ಹಾಡಿನ ಹುಚ್ಚು. ರಾಗಿ ತುಂಬುವ ಡ್ರಮ್ಮಿನಷ್ಟು ಎತ್ತರದ ಎರಡು ಸ್ಪೀಕರ್, ನಡುವೆ ಒಂದು ಕಂಪ್ಯೂಟರ್. ಇದ್ದಬದ್ದ ಸಿಡಿಗಳನ್ನೆಲ್ಲ ಆ ಕಂಪ್ಯೂಟರಿಗೆ ತುಂಬಿದ್ದ. ಭಾನುವಾರ ಹನ್ನೊಂದರ ಹೊತ್ತಿಗೆ ಹಾಕಿದನೆಂದರೆ ನಮ್ಮ ಅಡುಗೆಮನೆಯ ತಟ್ಟೆ ಕೂಡ ಅದುರುತ್ತಿತ್ತು. ಬೈದುಕೊಂಡೇ ಕೇಳುತ್ತಿದ್ದೆ. ತಂಬೂರಿ ಹಿಡಿದು ಗಂಡಸರು ದಪ್ಪ ದನಿಯಲ್ಲಿ ಹಾಡುವ ಪದಗಳು, ಹಳೇ ಸಿನಿಮಾ ಹಾಡು, ಶಹನಾಯಿ. ನಮ್ಮ ರೇಡಿಯೋ ಕೆಟ್ಟು ಮೂರು ವರ್ಷವಾಗಿತ್ತು. ರಿಪೇರಿ ಮಾಡಿಸು ಅಂದರೆ ಗಂಡ ಮೇಲಕ್ಕೆ ಬೆರಳು ತೋರಿಸುತ್ತಿದ್ದ. ನಾನು ರೊಟ್ಟಿ ತಟ್ಟುವುದು, ಅವನು ಬಾಗಿಲಲ್ಲಿ ಕೂತು ಹುರುಳಿಕಾಳು ಆರಿಸುವುದು, ಮೇಲಿನಿಂದ ಹಾಡು ಇಳಿಯುವುದು. ಈಗ ಕೇಳಿದರೆ ನಾನು ಕಂಡ ಒಳ್ಳೇ ಭಾನುವಾರಗಳು ಅವೇ.

ಆ ಕಂಪ್ಯೂಟರಿಗೆ ಸಾವಿರ ಕಾಯಿಲೆ. ಎಬ್ಬಿಸಿದರೆ ಏಳಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಹಾಡಿನ ಮಧ್ಯೆ ಟಣಕ್ ಅಂತ ಏನೋ ಕೇಳುತ್ತಿತ್ತು. ಒಮ್ಮೆ ಅದಕ್ಕೆ ವೈರಸ್ ಬಂದು ಎರಡು ವಾರ ಹಾಡೇ ಇಲ್ಲ. ಅದಕ್ಕೇ ಅವನು ಹೊರದೇಶದಿಂದ ಇನ್ನೊಂದು ಪೆಟ್ಟಿಗೆ ತರಿಸಿದ. ಎರಡು ಇಟ್ಟಿಗೆ ಜೋಡಿಸಿದಷ್ಟು ದೊಡ್ಡದು. ಹಾಡೆಲ್ಲ ತುಂಬಿದ ಬೇರೊಂದು ಡಬ್ಬಿಯನ್ನು ಅಡುಗೆಮನೆ ಮೂಲೆಯಲ್ಲಿಟ್ಟು, ವೈರು ಎಳೆದು, ಪಡಸಾಲೆಯಲ್ಲಿ ಈ ಪೆಟ್ಟಿಗೆಗೆ ಕೊಟ್ಟಿದ್ದ. ಫೋನಿನ ವೈರಿನಿಂದ ಯಾವ ಯಾವ ದೇಶದ ರೇಡಿಯೋವನ್ನೂ ಅದು ಎಳೆದುಕೊಳ್ಳುತ್ತಿತ್ತಂತೆ. ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನನ್ನ ಗಂಡನಿಗೆ ವಿವರಿಸಿದ.

"ಅಡುಗೆಮನೇಲಿ ಹಾಡು ಬೇಯಿಸಿ ಪಡಸಾಲೇಲಿ ಬಡಿಸ್ತೀರಾ ಅನ್ನಿ," ಅಂದ ನನ್ನ ಗಂಡ.

"ಹೌದ್ರಿ ಯಜಮಾನ್ರ, ಹಂಗ ಅನ್ಕೋರಿ."

ನಾನು ಅಂದೆ, "ಕಂಪ್ಯೂಟರ್ರು ಅಂದ್ರೆ ಹಂಡೆ. ನೀರು ಒಳಗೇ ಐತೆ. ಇದು ನಲ್ಲಿ. ವೈರು ಕಿತ್ತೋದ್ರೆ ಏನು ಮಾಡ್ತೀರಿ?"

"ನಲ್ಲಿ ಬಂದ್ ಆದಂಗ, ಬಾಯಿ ಮುಚ್ಕೊಂಡು ಕೂಡೋದು," ಅಂತ ನಕ್ಕ.

ಆ ಭಾನುವಾರ ಬೆಳಿಗ್ಗೆ ಅವನೇ ಕೆಳಗಿಳಿದು ಬಂದ.

"ಅವ್ವಾರ, ಸ್ವಲ್ಪ ಮ್ಯಾಲ ಬರ್ರಿ. ನಿಮ್ಮ ಕಿವಿ ಬೇಕಾಗೇತಿ."

"ನನ್ನ ಕಿವೀನಾ? ಬೆಂಡೋಲೆ ಬುಟ್ಟು ತಕ್ಕೊಳ್ಳಿ," ಅಂದೆ.

ವಿಷಯ ಇಷ್ಟು. ಕಂಪ್ಯೂಟರಿನಲ್ಲಿ ಹಾಕಿದರೂ ಅದೇ ಹಾಡು, ಹೊಸ ಪೆಟ್ಟಿಗೆಯಲ್ಲಿ ಹಾಕಿದರೂ ಅದೇ ಹಾಡು, ಸ್ಪೀಕರ್ ಕೂಡ ಅವೇ. ಯಾವುದು ಚೆನ್ನಾಗಿ ಕೇಳುತ್ತದೆ? ಅವನಿಗೆ ಪೆಟ್ಟಿಗೆಯೇ ಚೆಂದ ಅನ್ನಿಸುತ್ತಿತ್ತು. ಅವನ ಹೆಂಡತಿ, "ಹೊಸಾದು ತಂದೀರಿ, ಅದಕ್ಕ ಚೆಂದ ಅನಸ್ತೈತಿ" ಅಂತ ಮೂದಲಿಸಿದ್ದಳು. ಊರಲ್ಲೇ ಒಳ್ಳೇ ಕಿವಿ ನನ್ನದು ಅಂತ ಕೇಳಿದ್ದ. ನಾನು ಹೇಳಿದ್ದನ್ನು ಇಬ್ಬರೂ ಒಪ್ಪುವುದು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಹೋದೆವು. ನನ್ನ ಗಂಡನೂ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಕಂಪ್ಯೂಟರನ್ನೂ ಪೆಟ್ಟಿಗೆಯನ್ನೂ ಒಂದು ಕಟ್ಟೆಯ ಮೇಲಿಟ್ಟು ಮುಂದೆ ಹಾಸಿಗೆ ದುಪ್ಪಟಿ ನೇತು ಹಾಕಿದ್ದ, ಯಾವುದು ನಡೆಯುತ್ತಿದೆ ಅಂತ ಕಾಣಬಾರದು ಅಂತ. ಹೆಣ್ಣು ನೋಡಲು ಬಂದವರ ಹಾಗೆ ಅವನ ಹೆಂಡತಿಯೂ ಸೇರಿ ನಾವು ಮೂರು ಜನ ಸಾಲಾಗಿ ಕೂತೆವು. ಅವನು ದುಪ್ಪಟಿಯ ಹಿಂದೆ ಹೋದ.

"ಇದು ಒಂದು," ಅಂದ. ಹಾಡು ಬಂತು. ನಿಲ್ಲಿಸಿದ. "ಇದು ಎರಡು." ಮತ್ತೆ ಅದೇ ಹಾಡು.

ನನಗೆ ಎರಡೂ ಒಂದೇ. ಬಿಂದಿಗೆ ಬದಲಾದರೂ ನೀರು ಅದೇ. ಆದರೆ ಮೂರು ಜನ ನನ್ನ ಮಾತಿಗೆ ಕಾಯುತ್ತಿದ್ದಾರೆ. "ಎರಡನೇದು," ಅಂದೆ, ಬುಟ್ಟಿಗೆ ಮೂಗನನ್ನು ಎಸೆಯುವಷ್ಟೇ ಜೋರಾಗಿ.

ಅವನು ಹಿಂದುಮುಂದು ಮಾಡಿ ಮತ್ತೆ ಹಾಕಿದ. "ಈಗ ಮೊದಲ್ನೇದು," ಅಂದೆ. ಮೂರನೇ ಸಲಕ್ಕೆ ದುಪ್ಪಟಿಯ ಹಿಂದಿನಿಂದ ತಲೆ ಹೊರಗೆ ಹಾಕಿ, "ಅವ್ವಾರ, ಒಮ್ಮೆ ಕಂಪ್ಯೂಟರ್ ಚೆಂದ ಅಂತೀರಿ, ಒಮ್ಮೆ ಪೆಟ್ಟಿಗಿ ಅಂತೀರಿ" ಅಂದ. ಅವನ ಹೆಂಡತಿಗೆ ಖುಷಿ. "ನೋಡ್ರಿ, ನಾ ಹೇಳಲಿಲ್ಲೇನು? ಹಾಡಿನಾಗ ಏನೂ ಫರಕಿಲ್ಲ. ಫರಕು ಇರೋದು ಹಾಡು ನಿಂತಾಗ. ಆ ಕುಂಯ್ ಅನ್ನೋದು ಕೇಳಸ್ತೈತಲ್ಲ, ಅದೊಂದ ನನಗ ತಲಿನೋವು."

"ಯಾವ ಕುಂಯ್?" ಅಂದೆ.

"ಕಂಪ್ಯೂಟರಿಂದು," ಅಂದಳು.

"ಓ, ಅದಾ?" ಅಂದ ನನ್ನ ಗಂಡ. "ನಾನು ಬಂದಾಗಿಂದ ಸೊಳ್ಳೆ ಅನ್ಕೊಂಡು ಕಾಲು ಕೆರ್ಕೊಂಡು ಕೂತಿವ್ನಿ."

ಎಲ್ಲರೂ ಸುಮ್ಮನಾದರು. ಹಾಡು ಇಲ್ಲ. ಅವರ ಮೂವರಿಗೂ ಕೇಳುತ್ತಿತ್ತು. ನನಗೆ ಕೇಳುತ್ತಿದ್ದದ್ದು ಹೊರಗೆ ಲಾರಿ ಹೋದದ್ದು, ಅಷ್ಟೇ.

"ಕೇಳ್ತೈತಾ?" ಅಂತ ಗಂಡ ಕೇಳಿದ.

"ಕೇಳ್ದೆ ಏನು? ಸೊಳ್ಳೆ ತರ ಕುಂಯ್ ಅಂತೈತೆ," ಅಂದೆ.

ಹುಬ್ಬಳ್ಳಿಯವನು ದುಪ್ಪಟಿಯ ಹಿಂದೆ ಏನೋ ಕೈಯಾಡಿಸಿದ. "ಈಗ, ಅವ್ವಾರ?"

"ಈಗ್ಲೂ ಐತೆ," ಅಂದೆ. "ಒಸಿ ಕಮ್ಮಿ."

ಅವನು ದುಪ್ಪಟಿ ಸರಿಸಿದ. ಕಂಪ್ಯೂಟರಿನ ದೀಪ ಆರಿತ್ತು. ಪೂರಾ ಬಂದ್ ಮಾಡಿದ್ದ. "ಅವ್ವಾರು ಚಾಷ್ಟಿ ಮಾಡಾಕತ್ತಾರ!" ಅಂತ ಅವನು ನಕ್ಕ, ಅವನ ಹೆಂಡತಿಯೂ ನಕ್ಕಳು. ನಾನೂ ನಕ್ಕೆ. ನನ್ನ ಗಂಡ ನಗಲಿಲ್ಲ. ಅವರು ಕೊಟ್ಟ ಚಹಾ ಕುಡಿದು ಲೋಟ ಇಟ್ಟು ಇಳಿದು ಬಂದೆವು. ಕಂಪ್ಯೂಟರನ್ನು ಹಾಡಿನ ಕೆಲಸದಿಂದ ಬಿಡಿಸಿ ಪಕ್ಕದ ಕೋಣೆಗೆ ಹಾಕುವುದು ಅಂತ ಅವರವರೇ ತೀರ್ಮಾನ ಮಾಡಿಕೊಂಡರು. ಸೊಳ್ಳೆಯ ಕಾಟ ತಪ್ಪಲಿ ಅಂತ.

ಮನೆಯೊಳಗೆ ಬಂದ ಮೇಲೆ ಗಂಡ ಏನೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಬಾಯಿ ಮುಚ್ಚದವನು ಬಾಯಿ ಮುಚ್ಚಿದರೆ ಗೊತ್ತಾಗುತ್ತದೆ.

"ಏನು? ಹೇಳು," ಅಂದೆ.

"ಏನೂ ಇಲ್ಲ."

"ಕಂಪ್ಯೂಟರ್ರು ಆರಿಸಿದ್ದು ನಿಂಗೆ ಗೊತ್ತಿತ್ತಾ?"

"ನಿಂತೋಯ್ತಲ್ಲೇ ಸದ್ದು. ಗೊತ್ತಾಗಾಕಿಲ್ವಾ?" ಅಂದ. ಆಮೇಲೆ, "ಕುಕ್ಕರ್ ಕೂಗಿದ್ರೂ ನೀನು ಎಷ್ಟೋ ದಿನದಿಂದ ಏಳಾಕಿಲ್ಲ. ಸೋಮಾರಿತನ ಅನ್ಕೊಂಡಿದ್ದೆ," ಅಂದ.

ನಾನು ಮೊಟ್ಟೆಯ ಚೀಲ ತಂದು ಅವನ ಮುಂದೆ ಸುರಿದೆ. ಟಿಣ್ ಅಂದರೆ ಗಟ್ಟಿ, ಟಪ್ ಅಂದರೆ ಮೂಗ ಅಂತ ಹೇಳಿದೆ. ಮುಖ ಗೋಡೆ ಕಡೆ ಮಾಡಿ ಕೂರು, ನಾನು ತಾಗಿಸುತ್ತೇನೆ, ನೀನು ಹೇಳು ಅಂದೆ. ಅವನು ಜನ್ಮದಲ್ಲಿ ಆ ಕೆಲಸ ಮಾಡಿದವನಲ್ಲ. ಒಂದೊಂದಾಗಿ ತಾಗಿಸಿದೆ.

"ಗಟ್ಟಿ," ಅಂದ. "ಗಟ್ಟಿ. ಗಟ್ಟಿ. ಇದು ಮೂಗ."

"ಸರಿಯಾಗಿ ಕೇಳು."

"ಮೂಗ ಕಣೆ. ಸೋರೆಬುರುಡೆ ತಟ್ಟಿದಂಗೆ ಐತೆ."

ಇಪ್ಪತ್ತನಾಲ್ಕರಲ್ಲಿ ಒಂಬತ್ತು ಮೂಗ ಅಂದ. ಸುಮ್ಮನೆ ಹೇಳುತ್ತಿದ್ದಾನೆ ಅನ್ನಿಸಿ, ಆ ಒಂಬತ್ತಕ್ಕೆ ತಳದಲ್ಲಿ ಕುಂಕುಮದ ಚುಕ್ಕಿ ಇಟ್ಟು, ಎಲ್ಲ ಕಲಸಿ ಮತ್ತೆ ತಾಗಿಸಿದೆ. ಗೋಡೆ ನೋಡಿಕೊಂಡೇ ಅದೇ ಒಂಬತ್ತನ್ನು ಮೂಗ ಅಂದ. ಅದರಲ್ಲೊಂದನ್ನು ಈಳಿಗೆಮಣೆಯ ಹಿಂಬದಿಯಿಂದ ಬಡಿದೆ. ಎರಡು ಹೋಳಾಯಿತು. ಒಳಗಿನ ಬಿರುಕಿನ ಉದ್ದಕ್ಕೂ ಬಣ್ಣ ಇಳಿದಿತ್ತು. ಅಂದರೆ ಅರಗು ಒತ್ತುವಾಗಲೇ ಬಿರುಕು ಇತ್ತು. ನನ್ನ ಕೈಗೆ ಬಂದಾಗಲೇ ಅದು ಮೂಗ. ಹಸಿ ಮರ ಯಾರು ಕಡಚಿದರೂ ಒಂದಷ್ಟು ಬಿರಿಯುತ್ತದೆ. ಅದನ್ನು ಹಿಡಿದು ಎಸೆಯಲೆಂದೇ ನನ್ನನ್ನು ಕೂರಿಸಿದ್ದರು. ನಾನು ಹಿಡಿದಿರಲಿಲ್ಲ. ಎಷ್ಟು ತಿಂಗಳಿಂದ ಹಿಡಿದಿರಲಿಲ್ಲವೋ ನನಗೂ ಗೊತ್ತಿಲ್ಲ. ದಪ್ಪ ಸದ್ದೆಲ್ಲ ಕೇಳುತ್ತಿತ್ತು. ಹಾಡು ಕೇಳುತ್ತಿತ್ತು, ಜಗಳ ಕೇಳುತ್ತಿತ್ತು. ಟಿಣ್, ಕುಂಯ್ ಅನ್ನುವ ಸಣ್ಣ ಸದ್ದು ಯಾವಾಗಲೋ ಎದ್ದು ಹೋಗಿತ್ತು. ಇಪ್ಪತ್ತು ವರ್ಷ ಯಂತ್ರದ ಪಕ್ಕ ಕೂತು, ಆಮೇಲೆ ಹದಿಮೂರು ವರ್ಷ ಅದೇ ಯಂತ್ರಗಳ ನಡುವೆ ಕೂತಿದ್ದೆ.

"ಯಾರಿಗೂ ಹೇಳ್ಬೇಡ," ಅಂದ ಗಂಡ. "ಉಳೀದು ತಪ್ಪು ಅಂತ ನೀನು ಹೇಳಾಗೈತೆ. ಮುಗೀತು. ಇನ್ಮ್ಯಾಕೆ ಅನುಮಾನ ಬಂದಿದ್ದೆಲ್ಲ ಎಸೆದ್ಬುಡು."

"ಅನುಮಾನ ಬಂದ್ರೆ ತಾನೆ ಎಸೆಯೋದು? ನಂಗೆ ಎಲ್ಲಾನೂ ಮಾತಾಡ್ತವೆ."

"ಆ ಹುಡುಗಿಗೇನು, ಪ್ಯಾಕಿಂಗ್‌ನಲ್ಲೂ ಕೆಲಸ ಐತೆ."

"ಹಂಗಾದ್ರೆ ನಂಗೂ ಐತೆ," ಅಂದೆ.

ಮೇಲಿನಿಂದ ಹಾಡು ಶುರುವಾಯಿತು. ಹೊಸ ಪೆಟ್ಟಿಗೆಯದು. ತಂಬೂರಿ, ದಪ್ಪ ದನಿ, ಎಲ್ಲ ಚೆನ್ನಾಗಿಯೇ ಕೇಳಿತು. ಇದರಲ್ಲಿ ನನಗೆ ಕೇಳಿಸದೇ ಹೋಗುತ್ತಿರುವುದು ಏನಿರಬಹುದು ಅಂತ ಅವತ್ತು ಮೊದಲನೇ ಸಲ ಯೋಚಿಸಿದೆ. ಶಹನಾಯಿ ಬಂದಾಗ ಗಂಡನನ್ನು ಕೇಳಿದೆ, "ತುದೀಲಿ ಏನೋ ಮಾಡ್ತಾನಲ್ಲ, ಮೊದ್ಲಿನಂಗೇ ಐತಾ?" ಅಂತ. "ಐತೆ," ಅಂದ. ನನ್ನ ಪಾಲಿಗೆ ಅಲ್ಲಿ ಸುಮ್ಮನೆ ಗಾಳಿ ಇತ್ತು. ಅಳಲಿಲ್ಲ. ಅತ್ತರೆ ಕಿವಿ ಬರುವುದಿಲ್ಲ. ಮೊಟ್ಟೆಗಳನ್ನು ಚೀಲಕ್ಕೆ ತುಂಬಿದೆ, ಒಡೆದ ಹೋಳುಗಳನ್ನೂ ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲೇ ಹೋದೆ. ಸಾಹೇಬರು ಬೀಗ ತೆಗೆಯುತ್ತಿದ್ದರು. ಕಬ್ಬಾಳಿನ ಹುಡುಗಿ ಆಗಲೇ ಬಂದು, ತನ್ನ ಎರಡು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಎಬ್ಬಿಸುವ ಮೊದಲು ತಾನೇ ಎದ್ದಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಅವಳ ಮುಂದೆಯೇ ಹೇಳಿದೆ. "ಇದ್ರಲ್ಲಿ ಒಂಬತ್ತು ಮೂಗ ಅವೆ ಸಾಯೇಬ್ರೆ. ನಂಗೆ ಕೇಳ್ಸಿಲ್ಲ. ಶನಿವಾರ ಕೇಳ್ಸಿಲ್ಲ, ಅದಕ್ಕೆ ಮುಂಚೇನೂ ಕೇಳ್ಸಿಲ್ಲ. ಅವ್ಳ ಉಳೀದು ಏನೂ ತಪ್ಪಿಲ್ಲ, ಮರ ಹಸೀದು, ನನ್ ಕಿವಿ ಹೋಗೈತೆ."

ಸಾಹೇಬರು ಹೋಳನ್ನು ತಿರುಗಿಸಿ ನೋಡಿದರು. ಬಣ್ಣ ಇಳಿದದ್ದನ್ನು ಉಗುರಿನಿಂದ ಕೆರೆದರು. "ತೌಬಾ," ಅಂದರು. ಆಮೇಲೆ ಮೆಲ್ಲಗೆ, "ಇದನ್ನ ಯಾಕೆ ಹೇಳೋಕೆ ಬಂದ್ರಿ ಅಕ್ಕಾ? ಯಾರಿಗೆ ಗೊತ್ತಾಗ್ತಿತ್ತು?" ಅಂತ ಕೇಳಿದರು.

"ಮೇಲ್ಮನೆಯವ್ರ ಕಂಪ್ಯೂಟರ್ರಿಗೆ ಗೊತ್ತಾಯ್ತು," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಹುಡುಗಿಗೂ ಇಲ್ಲ. ಅವಳು ಉಳಿಯ ಗಂಟು ಹಿಡಿದುಕೊಂಡೇ ಎದ್ದು ನಿಂತಳು.

"ಇದೇ ಮಾತು ಶನಿವಾರ ಹೇಳಿದ್ರೆ ನಿನ್ನೆ ಒಂದ್ ಮುದ್ದೆ ತಿಂತಿದ್ದೆ," ಅಂದಳು.

"ಶನಿವಾರ ಗೊತ್ತಿರ್ನಿಲ್ಲ ಕಣಮ್ಮಿ. ಹೋಗು, ಕೂತ್ಕೋ ಹೋಗು."

ಅವಳು ಒಳಗೆ ಹೋಗಿ ಗಂಟು ಬಿಚ್ಚಿ ಉಳಿಗಳನ್ನು ಯಂತ್ರದ ಪಕ್ಕದಲ್ಲಿಟ್ಟಳು. ಕಳೆದ ತಿಂಗಳು ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ಅಂತ ಸಾಹೇಬರಿಗೆ ಹೇಳಿ, ನಾನು ಗೋಡೆ ಬದಿಯಿಂದ ಒಂದು ಗೋಣಿಚೀಲ ಎಳೆದುಕೊಂಡು ಪ್ಯಾಕಿಂಗಿನವರ ಸಾಲಿನಲ್ಲಿ ಹಾಸಿ ಕೂತೆ.